ಉಣುಗು ಹತ್ತದ ಹುಲ್ಲು

ಸಾಗರದಲ್ಲಿ ಮೊಟ್ಟಮೊದಲು ಪ್ಲಾಸ್ಟಿಕ್ ಹುಲ್ಲು ಹಾಸಿದ್ದು ನಮ್ಮ ಅಕ್ಕನ ಮನೆಯ ಅಂಗಳದಲ್ಲೇ ಇರಬೇಕು. ಎಂಬತ್ತರ ದಶಕದ ನಡುವಿನ ಮಾತು. ಭಾವ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು, ಇಕ್ಕೇರಿ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ತಾರಸಿ ಮನೆ ಕಟ್ಟಿಸಿದ್ದರು. ಅಂಗಡಿಯ ಕೆಲಸಕ್ಕೆ ಭಟ್ಕಳಕ್ಕೆ ಹೋಗಿದ್ದಾಗ, ದುಬೈನಿಂದ ಬಂದ ಟೇಪ್‌ರೆಕಾರ್ಡರು, ಸೆಂಟು, ಕಂಬಳಿಗಳ ನಡುವೆ ಸುರುಳಿ ಸುತ್ತಿದ ಒಂದು ಹಸಿರು ಹಾಸು ಅವರ ಕಣ್ಣಿಗೆ ಬಿತ್ತು. ಬಿಡಿಸಿ ನೋಡಿದರೆ ಹುಲ್ಲು. ಒಂದೇ ಎತ್ತರ, ಒಂದೇ ಬಣ್ಣ, ಬೇರಿಲ್ಲ, ಮಣ್ಣಿಲ್ಲ. ಅದನ್ನು ಲಾರಿಯ ಮೇಲೆ ಕಟ್ಟಿಸಿಕೊಂಡು ಘಟ್ಟ ಹತ್ತಿಸಿ ತಂದರು.

ನಾನು ಆಗ ಬಿಎ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಅಕ್ಕನ ಮನೆಯಲ್ಲಿದ್ದೆ. ಹಾಸನ್ನು ಅಂಗಳಕ್ಕೆ ಹರಡಿ, ಅಂಚಿಗೆ ಉದ್ದ ಮೊಳೆ ಹೊಡೆದ ದಿನ ಬೀದಿಯವರೆಲ್ಲ ಬೇಲಿಯ ಹತ್ತಿರ ಬಂದು ನಿಂತಿದ್ದರು. ಆಚೆಮನೆಯಾಕೆಯ ಹಸು ಒಳಗೆ ನುಗ್ಗಿ, ಮೂಸಿ, ಒಂದು ಬಾಯಿ ಎಳೆದು, ಆಮೇಲೆ ನಮ್ಮ ಮುಖವನ್ನೇ ನೋಡಿತು.

"ನೋಡೇ ತಂಗಿ, ನಮ್ಮ ಹಸುಗೆ ಅವಮಾನ ಆಯ್ತು," ಎಂದರು ಆಚೆಮನೆಯಾಕೆ. "ಈ ಹುಲ್ಲು ಹಾಕಿದ್ರೆ ಹಾಲಿನ ಬದ್ಲು ಬಕೆಟ್ಟು ಹಾಕ್ತದೋ ಏನೋ!"

ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಬಗ್ಗಿ ಹುಲ್ಲಿನ ಎಳೆಗಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಬುಡ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ, ನಡೆಯಲು ಕಲಿತು ಬಹಳ ದಿನವಾಗಿರದ ಮಗಳನ್ನು ಎತ್ತಿಕೊಂಡು ಬಂದು ಅದರ ಮೇಲೆ ಕೂರಿಸಿದಳು. ಆ ಮಗು ಹುಟ್ಟಿದ ಮೇಲೆ ಮನೆಯ ಹೊರಗೆ ನೆಲ ಮುಟ್ಟಿದ್ದು ಅದೇ ಮೊದಲು.

ಅದಕ್ಕೆ ಕಾರಣವಿತ್ತು. ಅಂಗಡಿ ಇಡುವ ಮೊದಲು ಭಾವ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೊಸೈಟಿಯ ಗುಮಾಸ್ತರಾಗಿದ್ದರು. ಅವರಿಗೆ ಒಬ್ಬ ಮಗನಿದ್ದ. ಬೇಸಗೆಯಲ್ಲಿ ಊರಿನ ಹುಡುಗರ ಜೊತೆ ಮನೆಯ ಹಿಂದಿನ ಬ್ಯಾಣದಲ್ಲಿ, ಆ ಹುಲ್ಲುಗಾವಲಿನಲ್ಲಿ, ಇಡೀ ದಿನ ಉರುಳಾಡುತ್ತಿದ್ದ. ಆ ವರ್ಷ ಕಾಡಿನಂಚಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದವು. ಸತ್ತ ಮಂಗನ ಮೈಯಿಂದ ಇಳಿದ ಉಣುಗು, ಸಾಸಿವೆ ಕಾಳಿಗಿಂತ ಸಣ್ಣದಾದ ರಕ್ತ ಹೀರುವ ಹುಳ, ಹುಲ್ಲಿನ ತುದಿಗೆ ಹತ್ತಿ ಕಾಯುತ್ತದೆ ಎಂದು ಆರೋಗ್ಯ ಇಲಾಖೆಯವರು ಬಂದು ಹೇಳಿ ಹೋದರು. ಅವರು ಹೇಳುವ ಹೊತ್ತಿಗೆ ಹುಡುಗನಿಗೆ ಜ್ವರ ಬಂದಾಗಿತ್ತು. ಕಣ್ಣು ಕೆಂಡವಾಯಿತು, ಮೂಗಿನಲ್ಲಿ ರಕ್ತ ಬಂತು. ಮಂಗನ ಕಾಯಿಲೆಗೆ ಔಷಧವಿಲ್ಲ ಎಂದು ಡಾಕ್ಟರು ಅಕ್ಕನಿಗೆ ನೇರವಾಗಿಯೇ ಹೇಳಿದರಂತೆ. ಹುಡುಗ ಹೋದ. ಭಾವ ಕೆಲಸ ಬಿಟ್ಟು ಸಾಗರಕ್ಕೆ ಬಂದರು. ಕಾಡು ಕಾಣದ ಜಾಗ ಬೇಕು ಎಂದಿದ್ದಳಂತೆ ಅಕ್ಕ.

ಮಗಳು ಹುಟ್ಟಿದ ಮೇಲೆ ಅಕ್ಕ ದಿನಾ ಸಂಜೆ ಅವಳ ಬಟ್ಟೆ ಬಿಚ್ಚಿ, ಕಂಕುಳು, ಕಿವಿಯ ಹಿಂದೆ, ಬೆರಳ ಸಂದಿ ಎಲ್ಲವನ್ನೂ ನೋಡುತ್ತಿದ್ದಳು. ಮಗು ನಗುತ್ತಿತ್ತು, ಕಚಗುಳಿ ಇಡುತ್ತಾರೆ ಎಂದುಕೊಂಡು. ಹೊರಗೆ ಬಿಡಬೇಕು, ಆದರೆ ಹುಲ್ಲಿಗೆ ಬಿಡಬಾರದು. ಹೀಗಿರುವಾಗ ಉಣುಗು ಹತ್ತದ ಹುಲ್ಲು ಸಿಕ್ಕಿತು ಎಂದು ಭಾವ ತಂದದ್ದು ಅದು. ತಮಾಷೆಗೆ ತಂದದ್ದಲ್ಲ.

ಆ ಬೇಸಗೆಯ ಉಳಿದ ದಿನಗಳು ಚೆನ್ನಾಗಿದ್ದವು. ಮಗು ಹೊಟ್ಟೆಯ ಮೇಲೆ ಮಲಗಿ ಗೊಂಬೆಗೆ ಹುಲ್ಲು ಉಣಿಸುತ್ತಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಮ್ಮೊಮ್ಮೆ ಹಾಡಿಕೊಳ್ಳುತ್ತಿದ್ದಳು ಕೂಡ.

ಮಳೆಗಾಲ ಬಂತು. ನಮ್ಮ ಕಡೆಯ ಮಳೆ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಹಾಸಿನ ಬುಡದಲ್ಲಿ ಕೆಸರು ಕೂತಿತು, ಕೆಸರಿಗೆ ಪಾಚಿ ಹಿಡಿಯಿತು, ಎಲ್ಲಿಂದಲೋ ಬೀಜ ಬಂದು ಪಾಚಿಯ ಮೇಲೆ ನಿಜವಾದ ಗರಿಕೆ ಹುಟ್ಟಿತು. ದೀಪಾವಳಿಯ ಹೊತ್ತಿಗೆ ಸುಳ್ಳು ಹುಲ್ಲು ಯಾವುದು, ನಿಜದ್ದು ಯಾವುದು ಎಂದು ಕೈಯಿಟ್ಟು ನೋಡಬೇಕಾಯಿತು. ಆಚೆಮನೆಯ ಕರು ಬಿಸಿಲಿಗೆ ಬಂದು ಅದರ ಮೇಲೆ ಮಲಗಲು ಕಲಿಯಿತು. ಒಂದು ದಿನ ಅದನ್ನು ಎಬ್ಬಿಸಿ ಓಡಿಸಿದ ಅಕ್ಕ, ಮಲಗಿದ್ದ ಜಾಗದಲ್ಲಿ ಕೂತು ಹುಡುಕಿ, ಬೆರಳ ತುದಿಯಲ್ಲಿ ಏನನ್ನೋ ಹಿಡಿದುಕೊಂಡು ಒಳಗೆ ಬಂದಳು. ಉಣುಗು.

ದನದ ಮೈಯ ಉಣುಗೆಲ್ಲ ಕಾಯಿಲೆ ತರುವುದಿಲ್ಲ ಎಂದು ನಾನೂ ಭಾವನೂ ಹೇಳಿದೆವು. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಅದು ಪ್ಲಾಸ್ಟಿಕ್ಕು ಕಣೇ," ಎಂದು ಭಾವ ನಗಿಸಲು ನೋಡಿದರು. "ಉಣುಗು ಬಂದು ಏನ್ ತಿಂತದೆ ಅಲ್ಲಿ?"

"ಹುಡುಗನ ಕಾಲದಲ್ಲೂ ನೀವು ಹೀಗೇ ನಗಾಡ್ತಿದ್ರಿ," ಎಂದಳು ಅಕ್ಕ.

ಭಾವ ಮತ್ತೆ ಆ ವಿಷಯದಲ್ಲಿ ಬಾಯಿ ಹಾಕಲಿಲ್ಲ. ಹಾಸನ್ನು ನೋಡಿಕೊಳ್ಳುವವರನ್ನು ಹುಡುಕುವ ಕೆಲಸ ಅವಳದಾಯಿತು. ಇಂಥದಕ್ಕೆ ಅಂತ ಜನ ಎಲ್ಲಿರುತ್ತಾರೆ ಆಗ? ಹತ್ತಿರದ ಕಸುಬಿನವರನ್ನು ಕರೆಸಿದಳು.

ಮೊದಲು ಬಂದವನು ಲಾರಿಗಳ ಟಾರ್ಪಾಲು ಹೊಲಿದು, ತೊಳೆದು ಕೊಡುವವನು. ಹಾಸಿನ ಮೂಲೆ ಎತ್ತಿ ನೋಡಿ ಮೂಗು ಮುಚ್ಚಿಕೊಂಡ.

"ಇದನ್ನ ತಿಂಗ್ಳಿಗೊಂದ್ಸಲ ಏಳಿಸ್ಬೇಕಮ್ಮ. ಮೊಳೆ ಕಿತ್ತು ಹೊಳೆಗೆ ಒಯ್ದು ತಿಕ್ಕಿ, ಬಂಡೆ ಮೇಲೆ ಒಣಗ್ಸಿ ತಂದ್ಕೊಡ್ತೀನಿ."

"ಬಂಡೆ ಮೇಲೆ ದನ ಮಲಗಲ್ವಾ?"

"ಮಲಗ್ತವೆ. ನಂದೇನ್ ಸ್ವಂತ ಬಂಡೆಯಾ ಅಮ್ಮಾ, ಏಳ್ರಪ್ಪ ಅನ್ನೋಕೆ?"

ನನಗೆ ನಗು ಬಂತು. ಅಕ್ಕ ಅವನನ್ನು ಅಲ್ಲಿಗೇ ಕಳಿಸಿದಳು. ಇಲ್ಲಿ ಒಂದು ಉಣುಗಿದ್ದರೆ ಅಲ್ಲಿಂದ ನೂರು ಬರುತ್ತದೆ ಎಂಬುದು ಅವಳ ಲೆಕ್ಕ.

ಎರಡನೆಯವನು ಬೆನ್ನಿಗೆ ಪಂಪು ಕಟ್ಟಿಕೊಂಡು ಗದ್ದೆಗಳಿಗೆ ಎಣ್ಣೆ ಹೊಡೆಯುವವನು. ಹುಳಕ್ಕೆ ಹೊಡೆಯುವ ಔಷಧಕ್ಕೆಲ್ಲ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಒಳ್ಳೆಯ ಮನುಷ್ಯ, ಮಾತು ಜಾಸ್ತಿ.

"ಮಂಗ ಸತ್ತ ಜಾಗಕ್ಕೆ ಸರ್ಕಾರದವ್ರ ಜೊತೆ ಹೋಗಿ ಔಷಧ ಹೊಡ್ದ ಕೈ ಅಮ್ಮ ಇದು," ಎಂದ.

ಅಕ್ಕನ ಮುಖ ಬದಲಾದದ್ದನ್ನು ನಾನು ನೋಡಿದೆ. "ಉಣುಗು ಸಾಯ್ತದಾ?"

"ಉಣುಗಿನ ಅಜ್ಜನೂ ಸಾಯ್ತದೆ. ಎರಡು ದಿನ ಮಗೂನ ಬಿಡ್ಬೇಡಿ, ಅಷ್ಟೇ. ಆಮೇಲೆ ಮಣ್ಣು ಎಳ್ಕೊಳ್ತದೆ."

ಅವನು ಸುಳ್ಳು ಹೇಳಲಿಲ್ಲ. ಗದ್ದೆಯಲ್ಲಿ ಅದು ನಿಜ. ಅಕ್ಕ ಅವನು ಹೇಳಿದ್ದಕ್ಕಿಂತ ಹೆಚ್ಚೇ ಜಾಗ್ರತೆ ಮಾಡಿದಳು. ಎರಡು ದಿನವೆಂದರೆ ವಾರ ಕಾದಳು. ತಿಂಗಳಿಗೊಮ್ಮೆ ಅವನು ಬಂದು ಹೊಡೆದು ಹೋದಾಗ ಮಗುವಿನ ಗೊಂಬೆಯನ್ನೂ ಒಳಗಿಟ್ಟು ಬಾಗಿಲು ಹಾಕುತ್ತಿದ್ದಳು. ಗರಿಕೆ ಸುಟ್ಟು ಹೋಯಿತು, ಪಾಚಿ ಕಪ್ಪಾಯಿತು, ಕರು ಹತ್ತಿರ ಸುಳಿಯುವುದನ್ನು ಬಿಟ್ಟಿತು. ಅವಳು ಮತ್ತೆ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸತೊಡಗಿದಳು. ಬುಡದ ತೆಳು ಕೆಸರು ಬಿಟ್ಟರೆ ಹಾಸಿನಲ್ಲಿ ಮಣ್ಣಿಲ್ಲ, ಎಣ್ಣೆ ಎಳೆದುಕೊಳ್ಳುವುದಕ್ಕೆ ಏನೂ ಇಲ್ಲ, ಪ್ರತಿ ಸಲ ಹೊಡೆದದ್ದು ಎಳೆಗಳ ಮೇಲೆ ಒಣಗಿ ಹಾಗೇ ಉಳಿಯುತ್ತಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಚಳಿಗಾಲವಿಡೀ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಯುಗಾದಿಗೆ ಮೊದಲು ಒಂದು ಮಧ್ಯಾಹ್ನ ಅಡ್ಡಮಳೆ ಬಂತು. ಹತ್ತು ನಿಮಿಷ ಹುಯ್ದು ನಿಂತಿತು, ಬಿಸಿಲು ಬಂತು. ನಾನು ಜಗಲಿಯಲ್ಲಿ ಕೂತಿದ್ದೆ. ಮಗು ಒದ್ದೆ ಹುಲ್ಲಿಗೆ ಓಡಿ ಹೋಗಿ ಉದ್ದಕ್ಕೆ ಮಲಗಿತು. ಕೆನ್ನೆ ಹಚ್ಚಿ, ತುಟಿ ಹಚ್ಚಿ, ಹನಿಗಳನ್ನು ಕುಡಿಯುವ ಆಟ ಆಡಿತು. ಅಕ್ಕ ಬೈಯಲಿಲ್ಲ. "ನೋಡೇ ಅವಳ್ನ," ಎಂದು ನನ್ನ ಕಡೆ ತಿರುಗಿ ನಕ್ಕಳು. ಎಷ್ಟೋ ವರ್ಷಗಳಾದರೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಆ ಹತ್ತು ನಿಮಿಷ ಮತ್ತೆ ಶುರುವಿನಿಂದ ನಡೆಯುತ್ತದೆ. ಮಳೆ ಬರುತ್ತದೆ, ನಿಲ್ಲುತ್ತದೆ, ಮಗು ಓಡುತ್ತದೆ.

ಸ್ವಲ್ಪ ಹೊತ್ತಿಗೆ ಮಗು ಎದ್ದು ಬಂದು ಸುಮ್ಮನೆ ಅಕ್ಕನ ಮಡಿಲಿಗೆ ಒರಗಿತು. ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ. ಮೈಯೆಲ್ಲ ಬೆವರಿತ್ತು. ವಾಂತಿಯಾಯಿತು. ಕೈಕಾಲು ಅದುರತೊಡಗಿದವು.

"ಬಂತು ಕಣೇ," ಎಂದು ಅಕ್ಕ ಕಿರುಚಿದಳು. "ಅದೇ ಬಂತು! ಮಂಗನ ಕಾಯಿಲೆ!"

ಆಚೆಮನೆಯವರ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಒದ್ದೆ ಫ್ರಾಕಿನ ಸಮೇತ, ಚಳಿಯಾಗದಿರಲಿ ಎಂದು ಅದರ ಮೇಲೆ ಸೆರಗನ್ನೂ ಬಿಗಿಯಾಗಿ ಸುತ್ತಿ. ಉಸಿರಾಡುವಾಗ ಮಗುವಿನ ಗಂಟಲಲ್ಲಿ ಗೊರಗೊರ ಸದ್ದು. ನಾನು ಆ ಸದ್ದನ್ನು ಎಣಿಸುವುದು ಬಿಟ್ಟು ಬೇರೇನೂ ಮಾಡಲಾರದೆ ಕೂತಿದ್ದೆ. ಒಂದು ತಿರುವಿನಲ್ಲಿ ಅದು ನಿಂತೇ ಹೋಯಿತು ಅನ್ನಿಸಿ, ಮತ್ತೆ ಬಂತು.

ಡಾಕ್ಟರು ಮಗುವಿನ ಕಣ್ಣರೆಪ್ಪೆ ಬಿಡಿಸಿದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬಗ್ಗಿ ಫ್ರಾಕನ್ನು ಮೂಸಿದರು.

"ಗದ್ದೆಗೆ ಹೊಡೆಯೋ ಎಣ್ಣೆ ಎಲ್ಲಿ ಸಿಕ್ತು ಮಗೂಗೆ?"

"ಇಲ್ಲ ಡಾಕ್ಟ್ರೇ, ಮಂಗನ ಕಾಯಿಲೆ ಇದು. ನಂಗೆ ಗೊತ್ತು, ನಾನು ನೋಡಿದೀನಿ."

"ಎಲ್ಲಿ ಆಡ್ತಿತ್ತು?"

"ಹುಲ್ಲಿನ ಮೇಲೆ. ಆದ್ರೆ ಅದು ಪ್ಲಾಸ್ಟಿಕ್ ಹುಲ್ಲು ಡಾಕ್ಟ್ರೇ, ಅದ್ರಲ್ಲಿ ಏನೂ ಇಲ್ಲ. ನಾನೇ ಔಷಧ ಹೊಡ್ಸಿ..."

ಅಕ್ಕ ತಾನೇ ಬಗ್ಗಿ ಆ ಒದ್ದೆ ಫ್ರಾಕನ್ನು ಮೂಸಿದಳು.

"ಬಿಡಿ ಅಮ್ಮ. ಕೊಡಿ ಇಲ್ಲಿ," ಎಂದರು ಡಾಕ್ಟರು. ಅವಳ ಬೆರಳುಗಳನ್ನು ನರ್ಸ್ ಒಂದೊಂದಾಗಿ ಬಿಡಿಸಬೇಕಾಯಿತು. "ಬಟ್ಟೆ ತೆಗೀರಿ ಮೊದ್ಲು. ಮೈಗೆ ಅಂಟಿದ್ದಷ್ಟೂ ಒಳಗೆ ಹೋಗ್ತಾ ಇದೆ. ಸೋಪು ಹಾಕಿ ತೊಳೀರಿ. ಆ ತಾಯಿದೂ ಸೀರೆ ಬದಲಾಯಿಸಿ, ಅದ್ರಲ್ಲೂ ಇರ್ತದೆ."

ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟರು. ಭಾವ ಅಂಗಡಿಯಿಂದ ಓಡಿ ಬಂದರು. ಮರುದಿನದ ಹೊತ್ತಿಗೆ ಮಗು ಉಳಿಯುತ್ತದೆ ಎಂದರು ಡಾಕ್ಟರು. ಉಳಿಯಿತು. ಕಣ್ಣು ಬಿಟ್ಟಾಗ "ಅಮ್ಮ" ಎಂದಿತು. ಅಕ್ಕ ವಾರ್ಡಿನ ಆ ಕೊನೆಯಲ್ಲಿ, ಕಿಟಕಿಯ ಕೆಳಗೆ ಕೂತಿದ್ದವಳು ಎದ್ದು ಬರಲಿಲ್ಲ. "ನೀನು ಹೋಗು," ಎಂದು ನನಗೆ ಸನ್ನೆ ಮಾಡಿದಳು. ಗಂಜಿ ಕುಡಿಸಿದ್ದು, ಮೈ ಒರೆಸಿದ್ದು ಎಲ್ಲ ನಾನೇ. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಎಣ್ಣೆ ಹೊಡೆದವನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅತ್ತು ಹೋದ. ಅವನನ್ನೂ ಯಾರೂ ಏನೂ ಅನ್ನಲಿಲ್ಲ. ಯಾರಿಗೆ ಏನಂತ ಅನ್ನುವುದು?

ಮನೆಗೆ ಕಳಿಸುವ ದಿನ ಅಕ್ಕ ನನ್ನನ್ನು ಹೊರಗೆ ಕರೆದಳು.

"ನೀನು ಇವಳ್ನ ತೀರ್ಥಹಳ್ಳಿಗೆ ಕರ್ಕೊಂಡ್ ಹೋಗು. ಅಮ್ಮನ ಹತ್ರ ಇರ್ಲಿ."

"ಎಷ್ಟು ದಿನ?"

ಅವಳು ಮಗುವಿನ ಬಟ್ಟೆಯ ಗಂಟನ್ನು ನನ್ನ ಕೈಗಿಟ್ಟಳು.

"ಅಲ್ಲಿ ಕೊಟ್ಟಿಗೆ ಇದೆ ಅಕ್ಕ," ಎಂದೆ. "ಹಿತ್ತಿಲ ತುಂಬ ಹುಲ್ಲಿದೆ. ಬೇಕಾದಷ್ಟು ಉಣುಗಿದೆ."

"ಇರ್ಲಿ," ಎಂದಳು. "ನಾನಿಲ್ವಲ್ಲ."

ಭಾವ ಜಗಳವಾಡಿದರು, ಕೈ ಮುಗಿದರು. ಹಾಸನ್ನು ಕಿತ್ತು ಒಯ್ದು ಊರಾಚೆ ಹೂಳಿಸಿದರು. ಅಂಗಳಕ್ಕೆ ಹೊಸ ಮಣ್ಣು ಹಾಕಿಸಿದರು. ಅವಳು ಬಗ್ಗಲಿಲ್ಲ. ಒಂದನ್ನು ನೋಡಿಕೊಳ್ಳದೆ ಕಳೆದುಕೊಂಡೆ, ಇನ್ನೊಂದನ್ನು ನೋಡಿಕೊಂಡೇ ಕೊಲ್ಲುತ್ತಿದ್ದೆ, ಮೂರನೆಯ ಸಲ ನನ್ನ ಕೈಗೆ ಕೊಡಬೇಡಿ ಎಂದಳು. ಹೇಗೆ ಒಪ್ಪಿಸುವುದೆಂದು ನಮಗೆ ತಿಳಿಯಲಿಲ್ಲ. ಬೇಸಗೆ ಕಳೆಯಲಿ, ತಾನೇ ಸರಿಯಾಗುತ್ತಾಳೆ ಎಂದುಕೊಂಡೆವು. ಬೇಸಗೆ ಕಳೆಯಿತು. ವಯಸ್ಸು ಬಂದಾಗ ಮಗುವನ್ನು ತೀರ್ಥಹಳ್ಳಿಯಲ್ಲೇ ಶಾಲೆಗೆ ಸೇರಿಸಿದೆವು. ನನಗೂ ಅಲ್ಲೇ ಕೆಲಸ ಸಿಕ್ಕಿತು. ಮಗು ಹುಲ್ಲಿನಲ್ಲಿ ಬಿದ್ದು ಎದ್ದು, ಮಂಡಿ ತರಚಿಕೊಂಡು, ಎಲ್ಲ ಮಕ್ಕಳ ಹಾಗೆಯೇ ಬೆಳೆಯಿತು.

ಅಕ್ಕ ವರ್ಷಕ್ಕೊಮ್ಮೆ, ಶಾಲೆ ಶುರುವಾಗುವ ಮೊದಲು ಬರುತ್ತಿದ್ದಳು. ಬಟ್ಟೆ ಹೊಲಿಯುವುದನ್ನು ಕಲಿತಿದ್ದಳು. ಜಗಲಿಯ ತುದಿಯಲ್ಲಿ ಕೂತು, ಅಳತೆ ಟೇಪನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಮಗುವಿನ ಭುಜ, ಎದೆ, ಉದ್ದ ಅಳೆದು ಹೇಳಬೇಕು, ಅವಳು ಕೇಳಿಕೊಂಡು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಂಜೆಯ ಬಸ್ಸಿಗೆ ಹೊರಡುವಳು. ವಾರದೊಳಗೆ ಫ್ರಾಕುಗಳು ಬಸ್ಸಿನಲ್ಲಿ ಬರುತ್ತಿದ್ದವು. ಎಳೆ ಎಳೆ ಲೆಕ್ಕ ಹಾಕಿ ಹೊಲಿದ ಹಾಗೆ ಮೈಗೆ ಕೂರುತ್ತಿದ್ದವು.

ಮಗುವಿಗೆ ಬುದ್ಧಿ ಬಲಿತ ಮೇಲೆ ಒಂದು ವರ್ಷ, ನಾನು ಟೇಪು ಹಿಡಿದು ಕರೆದರೆ ಬರಲಿಲ್ಲ. "ಚಿಕ್ಕಿ, ನೀನು ಬೇಡ," ಎಂದು ನನ್ನ ಕೈಯಿಂದ ಟೇಪು ಕಿತ್ತುಕೊಂಡು ಅಕ್ಕನ ಮುಂದೆ ಹೋಗಿ ನಿಂತಳು.

"ನೀನೇ ತಗೋ ಅಮ್ಮ ಅಳತೆ."

ಅಕ್ಕ ನನ್ನ ಕಡೆ ನೋಡಿದಳು. ನಾನು ಒಳಗೆ ಏನೋ ಕೆಲಸವಿದೆ ಎಂಬಂತೆ ಬಾಗಿಲ ಹಿಂದೆ ಸರಿದು ನಿಂತೆ. ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಟೇಪು ತೆಗೆದುಕೊಂಡಳು. ಮಗಳು ಎರಡೂ ಕೈ ಅಗಲಿಸಿ ನಿಂತಿದ್ದಳು. ಅಕ್ಕ ಟೇಪಿನ ಎರಡು ತುದಿಗಳನ್ನು ಬೆರಳ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಎಲ್ಲೂ ಮೈ ತಾಗದ ಹಾಗೆ ಮಗಳ ಎದೆಯ ಸುತ್ತ ತಂದಳು.

ಆ ವರ್ಷದ ಫ್ರಾಕುಗಳು ಮಾತ್ರ ಸಡಿಲವಾಗಿದ್ದವು.