ನಮ್ಮವರು ಕೊಟ್ಟ ನಕ್ಷತ್ರಗಳು

ನಮ್ಮ ಅಡುಗೆಮನೆಯ ಕಿಟಕಿಯ ಬಳಿ, ರಾಗಿಹಿಟ್ಟಿನ ಡಬ್ಬಿಗೂ ಕುಕ್ಕರಿಗೂ ನಡುವೆ, ಒಂದು ಲ್ಯಾಪ್‌ಟಾಪ್ ಇಡುವಷ್ಟು ಜಾಗವಿದೆ. ಶ್ರೀನಿವಾಸಪುರದ ಈ ಮನೆಯಲ್ಲಿ ನೆಟ್‌ವರ್ಕ್ ನೆಟ್ಟಗೆ ಸಿಗುವುದು ಅಲ್ಲೊಂದೇ ಕಡೆ ಆದ್ದರಿಂದ ನನ್ನ ಕಚೇರಿಯೂ ಅದೇ. ಯಾವ ಕಂಪನಿಗೂ ಸೇರದೆ, ಒಬ್ಬಳೇ ಕೂತು ಮೊಬೈಲಿಗೆ ಆ್ಯಪ್ ಬರೆಯುವವಳು ನಾನು. ಕೇಳಿದವರಿಗೆಲ್ಲ 'ಕಂಪ್ಯೂಟರ್ ಕೆಲಸ' ಎಂದು ಹೇಳಿ ಜಾರಿಕೊಳ್ಳುತ್ತೇನೆ; ನಿಮ್ಮ ಹತ್ತಿರ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕೆನಿಸಿದೆ.

ಶಬಾನಾ ನನ್ನ ಗೆಳತಿ, ನನಗಿಂತ ಚಿಕ್ಕವಳು. ಮುಳಬಾಗಿಲಿನಿಂದ ಮದುವೆಯಾಗಿ ಬಂದು, ಗಂಡನ ಜೊತೆ ಇಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ಬಟ್ಟೆ ಅಳೆಯುತ್ತ ಅಳೆಯುತ್ತಲೇ ಗಿರಾಕಿಯ ಮುಖ ನೋಡಿ ಕನ್ನಡದಲ್ಲೋ ತೆಲುಗಿನಲ್ಲೋ ತನ್ನ ಮನೆಮಾತಾದ ದಖನಿ ಉರ್ದುವಿನಲ್ಲೋ ಒಗಟು ಹಾಕುವುದು ಅವಳ ಚಾಳಿ.

"ಕಾಲಿಲ್ಲ, ಬೇಲಿ ಹಾರ್ತದೆ, ಬಾಯಿಲ್ಲ, ಹಣ್ಣಾದೆ ಅಂತದೆ. ಏನಕ್ಕಾ?" ಎಂದು ಒಮ್ಮೆ ನನ್ನನ್ನೇ ಕೇಳಿದಳು. ನನಗೆ ಹೊಳೆಯಲಿಲ್ಲ.

"ಮಾವಿನಣ್ ವಾಸ್ನೆ ಕಣಕ್ಕಾ!"

ಆ ಗೆಲುವಿನ ನಗುವಿನಲ್ಲೇ ನಮ್ಮ ಒಗಟಿನ ಆ್ಯಪ್ ಮೊಳೆಯಿತು. ಒಗಟು ಅವಳದು, ದನಿ ಅವಳದು, ಮಿಕ್ಕಿದ್ದು ನನ್ನದು.

ಮಾಡಿದ್ದನ್ನು ಇಡುವುದೆಲ್ಲಿ? ಆ್ಯಪುಗಳಿಗೆ ಮುಖ್ಯವಾಗಿ ಎರಡು ಸಂತೆಗಳಿವೆ. ಒಂದು ದುಬಾರಿ ಫೋನಿನವರದು; ಅಲ್ಲಿ ಮೆಚ್ಚಿದ್ದನ್ನು ಆರಿಸಿ ಮುಂಬಾಗಿಲಲ್ಲಿ ತೂಗುಹಾಕುವವರಿರುತ್ತಾರೆ, ನಾಲ್ಕು ಜನರ ಕಣ್ಣಿಗೆ ಬೀಳುವ ಆಸೆಯಿದ್ದವರು ಅಲ್ಲಿಗೆ ಹೋಗುತ್ತಾರೆ. ಇನ್ನೊಂದು ಅಗ್ಗದ ಫೋನಿನವರ ಕಡಲು. ನನಗಿದ್ದುದು ಮೊದಲನೆಯದರ ಆಸೆ. ಶಬಾನಾ ಒಪ್ಪಲಿಲ್ಲ. "ನಮ್ಮತ್ತೆ ಫೋನಲ್ಲೇ ಬರ್ಲಿಲ್ಲಾಂದ್ರೆ ಯಾರಿಗಕ್ಕಾ ಈ ಒಗಟು?" ಎಂದಳು. ಅವಳ ಮಾತೇ ಸರಿಯೆನಿಸಿತು, ಕಡಲಿಗೇ ಇಳಿದೆವು.

ಇಳಿದ ಮೇಲೆ ತಿಳಿಯಿತು, ಅಲ್ಲಿ ಮುಳುಗಿದರೂ ಸದ್ದಾಗುವುದಿಲ್ಲವೆಂದು. ಮಾವು ಹಣ್ಣಾದರೆ ವಾಸನೆಯೇ ಊರಿಗೆ ಸುದ್ದಿ ಮುಟ್ಟಿಸುತ್ತದೆ. ಆ್ಯಪಿಗೆ ಅಂಥ ವಾಸನೆಯಿಲ್ಲ. ಒಗಟು ಎಂದು ಹುಡುಕಿದರೆ ಮೊದಲು ಜಾಹೀರಾತುಗಳು, ಆಮೇಲೆ ಜಾಹೀರಾತಿನಂಥವೇ ಆದ ಬೇರೆ ಆಟಗಳು, ಬೆರಳು ನೋಯುವಷ್ಟು ಸರಿಸಿದ ಮೇಲೆ ನಮ್ಮದು. ವಾರಗಟ್ಟಲೆ ಯಾರೂ ಬರಲಿಲ್ಲ.

ಆಗ ಶಬಾನಾಳ ನಾದಿನಿಯ ನಿಶ್ಚಿತಾರ್ಥ ಬಂತು. ಮನೆ ತುಂಬ ನೆಂಟರು, ಬಿರಿಯಾನಿಯ ಘಮ. ಶಬಾನಾ ಎಲ್ಲರ ಫೋನಿಗೂ ಆ್ಯಪ್ ಹಾಕಿಸಿದಳು. ಅಕ್ಕಪಕ್ಕದ ನಮ್ಮವರೂ ಬಂದು ಹಾಕಿಸಿಕೊಂಡರು. ಅಲ್ಲೇ ಕೂತು ಒಗಟು ಬಿಡಿಸಿ, ನಕ್ಕು, ಐದೈದು ನಕ್ಷತ್ರ ಒತ್ತಿದರು. 'ನಮ್ ಶಬಾನಾ ವಾಯ್ಸು ಸೂಪರ್' ಎಂದು ಒಬ್ಬರು ಬರೆದರೆ, 'ಚಾಲಾ ಬಾಗುಂದಿ ಅಕ್ಕಾ' ಎಂದು ಇನ್ನೊಬ್ಬರು ತೆಲುಗಿನಲ್ಲಿ ಮೆಚ್ಚಿಕೊಂಡರು. ಮನೆಗೆ ಬಂದು ಅಡುಗೆಮನೆಯ ಕಿಟಕಿಯ ಬಳಿ ನಿಂತು ಅವನ್ನೆಲ್ಲ ಮತ್ತೆ ಮತ್ತೆ ಓದಿಕೊಂಡೆ. ಯಾರೋ ನೋಡಿದರು ಎಂಬುದು ಎಷ್ಟು ಸಣ್ಣ ಸುಖ, ಎಷ್ಟು ಸಾಕೆನಿಸುವ ಸುಖ!

ಸಂತೆಯ ಯಂತ್ರಕ್ಕೆ ಕಂಡದ್ದೇ ಬೇರೆ. ಒಂದೇ ಮನೆಯ ವೈಫೈ, ಒಂದೇ ಸಂಜೆ, ಎಲ್ಲವೂ ಹೊಗಳಿಕೆ. 'ಅನುಮಾನಾಸ್ಪದ ಚಟುವಟಿಕೆ' ಎಂದು ಮಿಂಚಂಚೆ ಬಂತು. ನಕ್ಷತ್ರಗಳು ಅಳಿಸಿಹೋದವು, ಆ್ಯಪನ್ನೂ ತೆಗೆದುಹಾಕಿದರು. ಮೇಲ್ಮನವಿ ಹಾಕಿದೆ. ಹೊಗಳಿದವರಿಗೂ ನಿಮಗೂ ಏನು ಸಂಬಂಧ ಎಂದು ಅದರಲ್ಲಿ ಕೇಳಿದ್ದರು. ನಮ್ಮವರು ಎಂದು ಬರೆದೆ. ಅದೇ ತಪ್ಪೊಪ್ಪಿಗೆಯಾಯಿತೇನೋ, ಮನವಿ ಕ್ಷಣದಲ್ಲಿ ವಜಾ ಆಯಿತು. ಯಂತ್ರದ ಅನುಮಾನ ಪೂರ್ತಿ ತಪ್ಪೆನ್ನಲಾರೆ. ನೆಂಟರ ಸಾಕ್ಷಿಯನ್ನು ಲೋಕ ಎಂದು ತಾನೇ ನಂಬಿದೆ? ಆದರೆ ನಮ್ಮಂಥವರನ್ನು ಮೊದಲು ನೋಡುವ ಕಣ್ಣು ಪರಿಚಯದವರದೇ ಅಲ್ಲವೇ? ಪರಿಚಯವೇ ಮೋಸವೆಂದಾದರೆ ಅಪರಿಚಿತರ ತನಕ ನಡೆಯುವ ದಾರಿ ಯಾವುದು?

ಅಷ್ಟಕ್ಕೇ ಮುಗಿಯಲಿಲ್ಲ. ಹಾಕಿಸಿಕೊಂಡಿದ್ದವರ ಫೋನುಗಳಲ್ಲಿ ಕೆಂಪು ಎಚ್ಚರಿಕೆ ಮೂಡತೊಡಗಿತು: ಈ ಆ್ಯಪ್ ಅಪಾಯಕಾರಿಯಾಗಿರಬಹುದು, ತೆಗೆದುಹಾಕಿ. ಜನ ಒಬ್ಬೊಬ್ಬರಾಗಿ ಬಟ್ಟೆ ಅಂಗಡಿಗೆ ಬಂದರು. "ನಿಮ್ದು ಆ್ಯಪು ಫೋನಿಗೆ ಏನೋ ಮಾಡ್ತದಂತಲ್ಲಮ್ಮಾ?" ಶಬಾನಾ ಪ್ರತಿಯೊಬ್ಬರ ಫೋನನ್ನೂ ಕೈಗೆ ತೆಗೆದುಕೊಂಡು, ತನ್ನ ದನಿಯನ್ನು ತಾನೇ ಅಳಿಸಿಕೊಟ್ಟಳು.

ನಾನು ಅಂಗಡಿಗೆ ಹೋದಾಗ ಅವಳ ಅತ್ತೆ ಫೋನನ್ನು ಎದೆಗವಚಿಕೊಂಡು, "ಬಹೂದು, ನನ್ ಸೊಸೇದು ಆವಾಜು ಇದು. ಇರ್ಲಿ, ಯಾಕೆ, ಕೈಕು ತೆಗೀತೀಯ?" ಎನ್ನುತ್ತಿದ್ದರು.

"ನಕ್ಕೊ ಅಮ್ಮೀ, ಬೇಡ, ನಿಮ್ ಫೋಟೋ ಎಲ್ಲಾ ಹೋಗ್ಬಿಟ್ರೆ?" ಎಂದು ಶಬಾನಾ ಮೆಲ್ಲನೆ ಫೋನ್ ಬಿಡಿಸಿಕೊಂಡಳು.

ನಾನು ಹೋಗಿದ್ದುದು ದುಬಾರಿ ಫೋನಿನವರ ಸಂತೆಯಲ್ಲಿ ಮತ್ತೆ ಪ್ರಯತ್ನಿಸೋಣವೆಂದು ಹೇಳಲು. ಅವಳು ಅಳಿಸಿ ಮುಗಿಸಿ, ನನ್ನ ಕಡೆ ನೋಡದೆಯೇ ಕೇಳಿದಳು:

"ಅಕ್ಕಾ, ಬೇಜಾರು ಮಾಡ್ಕೋಬೇಡ. ಅದ್ರೊಳಗೆ ನಿಜವಾಗ್ಲೂ ಏನೂ ಇರ್ಲಿಲ್ಲ ತಾನೆ?"

"ಇರ್ಲಿಲ್ಲ ಶಬಾನಾ," ಎಂದೆ.

"ಹೌ," ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಗಿರಾಕಿ ಬಂದರು. ಅವಳು ಎದ್ದು ಹೋದಳು.