ತೈವಾನಿನ ಅಜ್ಜಿಯ ಊಟ

ತಾಟು ಮುಂದೆ ಬಂದ ಮೇಲೂ ಭಾಷಣ ಕೇಳುತ್ತ ಕೂರುವ ಪ್ರಸಂಗ ನನಗೆ ಇಷ್ಟು ವಯಸ್ಸಾದರೂ ಬಂದಿರಲಿಲ್ಲ. ನಮ್ಮ ಬಸವಕಲ್ಯಾಣದಲ್ಲಿ ಭಾಷಣಗಳಿಗೇನೂ ಕೊರತೆಯಿಲ್ಲ. ಸತ್ಕಾರ, ಉದ್ಘಾಟನೆ, ನಿವೃತ್ತಿ, ಮದುವೆ, ಎಲ್ಲ ಕಡೆ ಒಂದು ಮೈಕು ಇರುತ್ತದೆ, ಅದನ್ನು ಬಿಡದ ಒಬ್ಬರು ಇರುತ್ತಾರೆ. ಆದರೆ ಎಂಥ ವಾಗ್ಮಿಯೂ ಪಂಕ್ತಿಯಲ್ಲಿ ತಾಟಿಗೆ ಬ್ಯಾಳಿಯ ಸಾರು ಬಿದ್ದ ಮೇಲೆ ಮಾತು ಮುಗಿಸುತ್ತಾನೆ. ಅವನಿಗೂ ಹಸಿವಾಗಿರುತ್ತದೆ. ಹೈದರಾಬಾದಿನ ಆ ತೈವಾನಿ ಹೋಟೆಲಿನಲ್ಲಿ ಮಾತ್ರ ತಿನಿಸು ಬಂದ ಮೇಲೆಯೇ ಭಾಷಣ ಶುರುವಾಯಿತು. ಕಪ್ಪು ಏಪ್ರನ್ ಕಟ್ಟಿದ ಸಭ್ಯ ಮನುಷ್ಯನೊಬ್ಬ ಎರಡೂ ಕೈ ಹಿಂದೆ ಕಟ್ಟಿ ನಿಂತು, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ತಿನಿಸಿನ ಬಗ್ಗೆ ಅದು ಪೂರ್ತಿ ಆರುವವರೆಗೆ ಮಾತಾಡಿದ. ತಾತ್ಪರ್ಯ ಇಷ್ಟು: ಇದು ಶೆಫ್ ಅವರ ಬಾಲ್ಯದ ನೆನಪು. ತೈವಾನಿನ ದಕ್ಷಿಣದ ಹಳ್ಳಿಯೊಂದರಲ್ಲಿ, ಮಳೆ ಸುರಿಯುವ ಸಂಜೆಗಳಲ್ಲಿ, ಅಜ್ಜಿ ಒಲೆಯ ಮುಂದೆ ಕೂತು ಇದನ್ನು ಮಾಡಿಕೊಡುತ್ತಿದ್ದಳು.

ನನಗೆ ಆ ಅಜ್ಜಿಯ ಮೇಲೆ ಕೂಡಲೇ ಅನುಮಾನ ಬಂತು.

ಅಡುಗೆಯ ಬಗ್ಗೆ ಅಲ್ಲ, ಮಳೆಯ ಬಗ್ಗೆ. ನೆನಪು ಅಷ್ಟು ಅಚ್ಚುಕಟ್ಟಾಗಿ ಬರುವ ಸರಕಲ್ಲ. ನನ್ನ ನೆನಪುಗಳಂತೂ ಹಬ್ಬದ ದಿನದ ಬಸ್ಸುಗಳ ಹಾಗೆ. ಬೇಕಾದದ್ದು ಬರುವುದಿಲ್ಲ, ಬಂದದ್ದರ ಹಣೆಯ ಮೇಲೆ ಬೇರೆ ಊರಿನ ಬೋರ್ಡು. ಸಂಜೆ, ಮಳೆ, ಒಲೆ, ಅಜ್ಜಿ ಎಲ್ಲ ಒಂದೇ ಕಡೆ ಸೇರಿಕೊಂಡು, ಯಾರಿಗೂ ಹೊಗೆಯಿಂದ ಕಣ್ಣುರಿಯದೆ ಇದ್ದರೆ ಅದು ನೆನಪಲ್ಲ, ಫೋಟೋ ಸ್ಟುಡಿಯೋದ ಪರದೆ.

ನಾವು ಅಲ್ಲಿಗೆ ಹೋದದ್ದು ತಿನ್ನುವುದಕ್ಕಿಂತ ಹೆಚ್ಚಾಗಿ ಕಲಿಯುವುದಕ್ಕೆ. ನನ್ನ ಅಕ್ಕ ಮಹಾನಂದಾ ಹುಮನಾಬಾದಿನಲ್ಲಿ ಖಾನಾವಳಿ ನಡೆಸುತ್ತಾಳೆ. ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಮಜ್ಜಿಗೆ; ಹೊಟ್ಟೆ ತುಂಬುವವರೆಗೆ ಎಷ್ಟು ಸಲ ಬೇಕಾದರೂ. ಒಳಗೆ ಅಡುಗೆಗೆ ಇಬ್ಬರು ಹೆಂಗಸರಿದ್ದಾರೆ, ಆದರೆ ಬಡಿಸುವವಳು ಅಕ್ಕನೇ. ನಮ್ಮ ಕಡೆಯ ಜನ ಬೇಕು ಎಂದು ಬಾಯಿಬಿಟ್ಟು ಕೇಳುವವರಲ್ಲ. ‘ಸಾಕ್ರಿ’ ಎನ್ನುತ್ತಾರೆ, ಅಂಗೈಯನ್ನು ತಾಟಿಗೆ ಅಡ್ಡ ಹಿಡಿಯುತ್ತಾರೆ. ಆ ಅಂಗೈಯ ಸಂದಿಯಲ್ಲಿ ಸೌಟು ತೂರಿಸುವುದೇ ಬಡಿಸುವವರ ಕೆಲಸ. ಮೊದಲನೆಯ ಸಾಕು ಮರ್ಯಾದೆಯದು, ಎರಡನೆಯದು ಸಂಕೋಚದ್ದು, ಮೂರನೆಯದು ಮಾತ್ರ ಹೊಟ್ಟೆಯದು. ಹೊಟ್ಟೆಯ ಸಾಕು ಬರುವವರೆಗೆ ನಿಂತಿರಬೇಕು. ಹಾಗೆ ನಿಂತು ನಿಂತು ಅಕ್ಕನ ಮೊಣಕಾಲು ಸವೆದಿವೆ. ಇನ್ನು ನಿಂತರೆ ನಡೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಬಡಿಸುವುದಕ್ಕೆ ಆಳು ಇಟ್ಟು ನೋಡಿದಳು. ಅವರು ಮೊದಲನೆಯ ಸಾಕನ್ನೇ ನಂಬಿ ಮುಂದಿನ ತಾಟಿಗೆ ಹೋದರು. ಗಿರಾಕಿಗಳು ಅರೆಹೊಟ್ಟೆಯಲ್ಲಿ ಎದ್ದು, ಏನೂ ಹೇಳದೆ, ಬೇರೆ ಖಾನಾವಳಿಗೆ ಹೋದರು.

ಅಕ್ಕನ ಅಳಿಯ ಪ್ರಶಾಂತ ಇದಕ್ಕೊಂದು ಉಪಾಯ ಕಂಡುಹಿಡಿದಿದ್ದ. ಖಾನಾವಳಿಯನ್ನು ‘ನೆನಪಿನ ಊಟ’ದ ಹೋಟೆಲು ಮಾಡುವುದು. ಅಡುಗೆಮನೆಯಿಂದಲೇ ಅಳತೆ ಮಾಡಿ ಜೋಡಿಸಿದ ತಾಟು ಬರುತ್ತದೆ, ಎರಡನೆಯ ಸಲ ಬಡಿಸುವ ಮಾತೇ ಇಲ್ಲ. ಅಕ್ಕ ಗಲ್ಲಾಪೆಟ್ಟಿಗೆಯ ಹಿಂದೆ ಆರಾಮಾಗಿ ಕೂರಬಹುದು. ತಾಟಿನಲ್ಲಿ ಕಡಿಮೆಯಾದದ್ದನ್ನು ಕಥೆ ತುಂಬಿಕೊಡುತ್ತದೆ. ಒಂದೊಂದು ಪದಾರ್ಥಕ್ಕೆ ನಮ್ಮ ಅವ್ವನ ಒಂದೊಂದು ನೆನಪು. ಬರೆಯುವುದಕ್ಕೆ ನಾನು. ಆ ಕಥೆ ಹೇಗಿರಬೇಕು ಎಂದು ತೋರಿಸುವುದಕ್ಕೇ ಅವನು ನಮ್ಮಿಬ್ಬರನ್ನು ಹೈದರಾಬಾದಿಗೆ ಮಧ್ಯಾಹ್ನದ ಊಟಕ್ಕೆ ಕರೆದೊಯ್ದದ್ದು.

ಮೊದಲ ತಿನಿಸು ಆವಿಯಲ್ಲಿ ಬೆಂದ ಬಿಳಿ ಕಡುಬು. ನಡುವೆ ಸೀಳಿ ಅಣಬೆ ಇಟ್ಟು, ಮೇಲೆ ಕೊತ್ತಂಬರಿ, ಒಂದು ಬಗೆಯ ಪುಡಿ. ಅಕ್ಕ ಪುಡಿಯನ್ನು ಬೆರಳಿಗೆ ತಾಗಿಸಿ ನಾಲಗೆಗೆ ಇಟ್ಟುಕೊಂಡಳು.

“ತಮ್ಮಾ, ಇದು ಶೇಂಗಾ ಹಿಂಡಿ ಅಲ್ಲೇನೋ? ಖಾರ ಹಾಕೋದು ಮರ್ತು ಸಕ್ರಿ ಹಾಕ್ಯಾರ, ಪಾಪ.”

ತಿಂದು ಮುಗಿಸುವುದಕ್ಕೆ ಎರಡು ತುತ್ತು ಸಾಕಾಯಿತು. ಏಪ್ರನ್ನಿನವನು ಬಂದು, ಇನ್ನೊಂದು ತರಲೇ ಎಂದು ಬಾಗಿ ಕೇಳಿದ. ಅಕ್ಕ ಅಂಗೈ ಅಡ್ಡ ಹಿಡಿದು, “ಬ್ಯಾಡ್ರಪಾ, ಸಾಕು” ಎಂದಳು. ಅವನು ಮುಗುಳ್ನಕ್ಕು ತಟ್ಟೆ ಎತ್ತಿಕೊಂಡು ಹೋದ. ಅಕ್ಕ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಳು. ಬಾಗಿಲು ತೆರೆಯಲಿಲ್ಲ.

“ಹೋಗೇಬಿಟ್ಟನಲ್ಲೋ!”

“ನೀನ ಸಾಕು ಅಂದಿ.”

“ನಾ ಅಂದೆ. ಅಂವ ಯಾಕ ನಂಬಿದ?”

ಆ ಹೋಟೆಲಿನಲ್ಲಿ ಎಲ್ಲವೂ ಇತ್ತು. ನೆರಳು ಬೀಳದ ದೀಪ, ಸದ್ದು ಮಾಡದ ಕುರ್ಚಿ, ಕೈ ತೊಳೆಯುವ ಜಾಗದಲ್ಲಿ ಸಣ್ಣದೊಂದು ಜಲಪಾತ. ಒಬ್ಬ ಮನುಷ್ಯನ ಸಾಕು ಎಂಬ ಮಾತಿನ ಮೇಲೆ ಅನುಮಾನ ಪಡುವಷ್ಟು ಪ್ರೀತಿ ಮಾತ್ರ ಇರಲಿಲ್ಲ. ಕೆಲಸಗಾರರಿಗೆ ಅದನ್ನು ಕಲಿಸಿರಲಿಲ್ಲ. ಅಜ್ಜಿಯ ಕಥೆಯನ್ನು ಕಲಿಸಿದ್ದರು.

ಎರಡನೆಯದು ಒಂದು ಕಲ್ಲಿನ ಮೇಲೆ ಬಂತು. ನಾವು ಕಲ್ಲಿನ ಮೇಲೆ ಖಾರ ಅರೆಯುವವರು, ಬಟ್ಟೆ ಒಗೆಯುವವರು. ಉಣ್ಣುವುದಕ್ಕೆ ತಾಟು ಬಳಸುತ್ತೇವೆ. ಕಲ್ಲಿನ ನಡುವೆ ಒಂದು ಎಲೆ, ಎಲೆಯ ಮೇಲೆ ಒಂದು ಚಿಟಿಕೆ ಬೆಂದ ನವಣೆ. ತೈವಾನಿನ ಗುಡ್ಡದ ಜನ ಬಹಳ ಹಿಂದಿನಿಂದ ನವಣೆ ಬೆಳೆದು ಉಂಡವರು ಎಂದು ಓದಿದ್ದೇನೆ. ಆ ಜನರ ಮೇಲೆ ನನಗೆ ಗೌರವವಿದೆ. ಗುಡ್ಡ ಹತ್ತಿ ಇಳಿದು ದುಡಿಯುವವರು ಅದನ್ನು ಚಿಮಟದಿಂದ ಎತ್ತಿ ಎತ್ತಿ ಜೋಡಿಸಿಕೊಂಡು ಉಂಡಿರಲಾರರು. ಏಪ್ರನ್ನಿನವನು ಮತ್ತೆ ಕೈಕಟ್ಟಿ ನಿಂತ. ಮತ್ತೆ ಅಜ್ಜಿ. ಈ ಸಲ ಬೆಳದಿಂಗಳು.

ಅಡುಗೆಯ ಬಗ್ಗೆ ಬರೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಕಲ್ಯಾಣವೇ ರಾಜಧಾನಿಯಾಗಿದ್ದ ಕಾಲದಲ್ಲಿ ಇಲ್ಲಿನ ದೊರೆಯೊಬ್ಬ ಅರಸರ ಸುಖಗಳನ್ನೆಲ್ಲ ವಿವರಿಸುತ್ತ ಊಟದ ಬಗ್ಗೆ ಧಾರಾಳವಾಗಿ ಬರೆದಿಟ್ಟಿದ್ದಾನೆ. ಬೇಳೆ ಹೇಗೆ ಬೇಯಬೇಕು, ಮೀನಿಗೆ ಏನು ಸವರಬೇಕು, ಕೊನೆಗೆ ಹೊಲದ ಇಲಿಯನ್ನು ಹೇಗೆ ಸುಡಬೇಕು ಎಂಬುದೂ ಅದರಲ್ಲಿದೆ. ನಾನು ಓದಿದಷ್ಟರಲ್ಲಿ ಎಲ್ಲಿಯೂ ಅವನು ತನ್ನ ಅಜ್ಜಿಯನ್ನು ಎಳೆದು ತಂದಿಲ್ಲ. ಇಲಿಯನ್ನು ಸುಡುವವನಿಗೆ ಬೇಕಾದದ್ದು ಇಲಿ, ಬೆಂಕಿ, ಉಪ್ಪು. ಅಷ್ಟು ಹೇಳಿ ಮುಂದಿನ ಪದಾರ್ಥಕ್ಕೆ ಹೋಗಿದ್ದಾನೆ. ಚಕ್ರವರ್ತಿಗೇ ಸಾಧ್ಯವಾದ ಸಂಯಮ ಹೈದರಾಬಾದಿನ ಹೋಟೆಲಿಗೆ ಯಾಕೆ ಸಾಧ್ಯವಾಗಬಾರದು?

ಮೂರನೆಯ ಭಾಷಣ ಮುಗಿದಾಗ ನನಗೆ ತಡೆಯಲಾಗಲಿಲ್ಲ. ಶೆಫ್ ಯಾವ ಊರಿನವರು ಎಂದು ಏಪ್ರನ್ನಿನವನನ್ನು ಮೆಲ್ಲಗೆ ಉರ್ದುವಿನಲ್ಲಿ ಕೇಳಿದೆ. ಅವನ ಮುಖ ಅರಳಿತು. ಇಂಗ್ಲಿಷಿನ ಭಾರ ಇಳಿದದ್ದಕ್ಕೇ ಇರಬೇಕು. ಶೆಫ್ ಸಾಹೇಬರು ಸೋಲಾಪುರದವರಂತೆ. ತೈವಾನಿಗೆ ಹೋಗಿ ಕಲಿತು ಬಂದವರು, ಕೈ ಬಹಳ ಒಳ್ಳೆಯದು. ಹಾಗಾದರೆ ಅಜ್ಜಿ? ಅವನು ಅಕ್ಕಪಕ್ಕ ನೋಡಿ ಹೇಳಿದ: ಅಜ್ಜಿ ಆಫೀಸಿನಿಂದ ಬರುತ್ತಾಳೆ ಸರ್, ಟೈಪಾಗಿ. ನಾವು ಬಾಯಿಪಾಠ ಮಾಡುತ್ತೇವೆ.

ನಾನು ಗೆದ್ದವನ ಹಾಗೆ ಅಕ್ಕನ ಕಡೆ ನೋಡಿದೆ. ಅಕ್ಕ ನೋಡಲಿಲ್ಲ. ಅವಳ ಮುಂದೆ ಹುಳಿ ಬಂದ ವಾಸನೆಯ ತೋಫು ಇತ್ತು. ನಾನು ಮೂಗು ಸಿಂಡರಿಸಿ ದೂರ ತಳ್ಳಿದ್ದನ್ನೂ ಎಳೆದುಕೊಂಡು ಅವಳು ಮನಸ್ಸಿಟ್ಟು ತಿನ್ನುತ್ತಿದ್ದಳು.

“ಇದು ರುಚಿ ಅದ ನೋಡು. ಮತ್ತ ಈ ಕುರ್ಚಿ ಭಾಳ ಛೊಲೊ ಅದ. ಕಾಲು ಇದ್ದದ್ದ ಮರ್ತಂಗ ಆಗೇದ.”

ಆಗ ನನಗೆ ಸ್ವಲ್ಪ ಇರಿಸುಮುರಿಸಾಯಿತು. ನನ್ನ ತಿರಸ್ಕಾರಕ್ಕೆ ಮೊಣಕಾಲಿಲ್ಲ. ಅದು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲದು. ನಿಲ್ಲಲಾಗದವಳು ಪಕ್ಕದಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದಾಳೆ; ಈ ಸುಳ್ಳು ಅಜ್ಜಿಯಿಂದ ಅವಳಿಗೆ ನಾಳೆ ಕೂರುವುದಕ್ಕೆ ಒಂದು ಜಾಗ ಸಿಗುವುದಾದರೆ, ಬೇಡವೆನ್ನಲು ನಾನು ಯಾರು?

ಪ್ರಶಾಂತ ಇದೇ ಸಮಯಕ್ಕೆ ಕಾಯುತ್ತಿದ್ದ. “ನೋಡ್ರಿ ಮಾಮಾ, ತಿನಸು ಸಣ್ಣದು, ಕಥಿ ದೊಡ್ಡದು. ಯಾರಾರ ಸಿಟ್ಟಿಗೇಳಾಕತ್ತಾರೇನು? ನೀವು ನಮ್ಮ ಅಜ್ಜೀದು ಹಿಂಗ ಬರದು ಕೊಡ್ರಿ. ನಿಮ್ಮೂರು ಘಾಟಬೋರಾಳದ ಮನಿ, ಒಲಿ, ಅಜ್ಜಿ ಕೈಯಾಗಿನ ಪುಂಡಿಪಲ್ಯ...”

“ಬರೀತೀನಿ,” ಎಂದೆ. “ಅವ್ವನ ಪುಂಡಿಪಲ್ಯದಾಗ ಉಸುಕು ಇರ್ತಿತ್ತು. ಹಲ್ಲಿಗಿ ಕರಕರ ಅಂತಿತ್ತು. ಅದನ್ನೂ ಬರೀತೀನಿ.”

“ಅದು ಅವ್ವಂದಲ್ಲೋ,” ಎಂದಳು ಅಕ್ಕ. “ಎದುರುಮನಿ ರತ್ನಾಕಾಕುಂದು. ಅವ್ವ ಪುಂಡಿಪಲ್ಯ ಮಾಡ್ತಿದ್ದಿಲ್ಲ, ಅಕಿಗಿ ಪಿತ್ತ ಆಗ್ತಿತ್ತು.”

“ಅವ್ವ ಒಲಿ ಮುಂದ ಕುಂತದ್ದು ನನಗ ನೆನಪದ.”

“ಕುಂದರ್ತಿದ್ಳು, ಖರೇ. ಹೊಲದಿಂದ ದಣದು ಬಂದು ಕುಂತಲ್ಲೇ ತೂಕಡಸ್ತಿದ್ಳು. ಅದಕ್ಕ ರೊಟ್ಟಿ ಎಲ್ಲ ಕರ್ರಗ.”

ನಾವಿಬ್ಬರೂ ಒಂದೇ ಒಲೆಯ ಮುಂದೆ ಬೆಳೆದವರು. ಅವಳ ಅವ್ವ ನನ್ನ ಅವ್ವನಿಗಿಂತ ಬೇರೆ. ಯಾರ ಅವ್ವ ನಿಜವಾದವಳು ಎಂದು ಈಗ ತೀರ್ಮಾನಿಸುವಂತಿಲ್ಲ. ಇಷ್ಟಕ್ಕೂ ಈ ಮಾತು ನಡೆದದ್ದು ಹೋಟೆಲಿನ ಮೇಜಿನ ಮುಂದೆಯೋ, ವಾಪಸು ಬರುವಾಗ ಕಾರಿನಲ್ಲೋ, ನನಗೆ ಖಾತ್ರಿಯಿಲ್ಲ. ಇಲ್ಲಿ ಚೆನ್ನಾಗಿ ಕೂರುತ್ತದೆ ಎಂದು ಇಲ್ಲಿಟ್ಟಿದ್ದೇನೆ. ಆಫೀಸಿನಲ್ಲಿ ಕೂತು ಅಜ್ಜಿಯನ್ನು ಟೈಪು ಮಾಡುವವನೂ ಹೀಗೆಯೇ ಶುರು ಮಾಡಿರಬೇಕು.

ಪ್ರಶಾಂತ ಮಾತ್ರ ಸೋಲಲಿಲ್ಲ. “ಅತ್ತೀರಿ, ಅಷ್ಟೆಲ್ಲಾ ಯಾರು ಕೇಳ್ತಾರ? ಛೊಲೊ ಅಡಿಗಿ ಮಾಡ್ತಿದ್ರು ಅಂತ ಬರದ್ರ ಆಯ್ತು.”

ಅಕ್ಕ ಚಮಚ ಕೆಳಗಿಟ್ಟಳು. “ಅಳಿಯಾರ, ದೀಪ ಹಚ್ರಿ, ಬಣ್ಣ ಹೊಡೀರಿ, ನಾ ಏನೂ ಅನ್ನಂಗಿಲ್ಲ. ಅವ್ವನ ಹೆಸರು ಮಾತ್ರ ತಗೀಬ್ಯಾಡ್ರಿ. ಅಕಿ ಕೈ ಅಡಿಗಿ ಉಂಡವರು ಘಾಟಬೋರಾಳದಾಗ ಇನ್ನೂ ಜೀವಂತ ಅದಾರ. ಬಂದು ಜಗಳಾಡ್ತಾರ.”

ಕೊನೆಗೆ ಚಹಾ ಬಂತು. ತಣ್ಣಗಿತ್ತು, ತಳದಲ್ಲಿ ಕಪ್ಪು ಗುಂಡುಗಳು. “ಚಾದಾಗ ಸಾಬುದಾಣಿ ಹಾಕ್ಯಾರಲ್ಲೋ, ಇವತ್ತ ಇವರಿಗಿ ಉಪಾಸೇನು?” ಎಂದಳು ಅಕ್ಕ. ಬಿಲ್ಲಿನ ಬಗ್ಗೆ ನಾನು ಬರೆಯುವುದಿಲ್ಲ. ಇಂಥ ಹೋಟೆಲುಗಳ ಬಗ್ಗೆ ಬರೆಯುವವರೆಲ್ಲ ಅದನ್ನೇ ಬರೆಯುತ್ತಾರೆ.

ಹುಮನಾಬಾದ ಹತ್ತಿರ ಬಂದಾಗ ಪ್ರಶಾಂತ ಗೇರು ಬದಲಿಸುತ್ತ ಕೇಳಿದ: “ಹಂಗಾರ ಏನ್ ಮಾಡೂಣ್ರಿ ಅತ್ತಿ?”

“ಅಂಥಾ ಕುರ್ಚಿ ಒಂದು ತರಿಸ್ರಿ. ನನಗ.”

“ಮತ್ತ ಬಡಸೋರು ಯಾರ್ರಿ?”

“ಇಂವ ಕಥಿ ಬರಿಯಾಕ ಬರಾಂವ ಇದ್ದನಲ್ಲ. ಬರಲಿ. ಬಡಸಲಿ.”

ಹೀಗೆ ನಾನು ಸೌಟು ಹಿಡಿದೆ. ಮರುವಾರ ಬಸವಕಲ್ಯಾಣದಿಂದ ಬಸ್ಸು ಹತ್ತಿ ಹೋಗಿ, ಮಧ್ಯಾಹ್ನದ ಪಂಕ್ತಿಗೆ ನಿಂತೆ. ಅಕ್ಕ ಹೊಸ ಕುರ್ಚಿಯಲ್ಲಿ ಕೂತಿದ್ದಳು, ಕುರ್ಚಿ ಮಾತ್ರ ಹೈದರಾಬಾದಿನದರಷ್ಟು ಮೆತ್ತಗಿರಲಿಲ್ಲ. ತಿರಸ್ಕಾರ ಮಾಡುವುದು ಸುಲಭ ಎಂದು ಆ ದಿನ ಚೆನ್ನಾಗಿ ತಿಳಿಯಿತು. ಮೊದಲನೆಯವರು ಸಾಕ್ರಿ ಎಂದರು, ನಂಬಬಾರದೆಂದು ಸುರಿದೆ. ಅದು ಹೊಟ್ಟೆಯ ಸಾಕೇ ಆಗಿತ್ತು. ಬ್ಯಾಳಿ ಅವರ ತೋಳಿನ ಮೇಲೆ ಹೋಯಿತು. ಎರಡನೆಯವರದನ್ನು ನಂಬಿದೆ, ಅವರು ಖಾಲಿ ತಾಟಿನ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತರು. ಅಕ್ಕ ಕುರ್ಚಿಯಿಂದ ಕೂಗಿದಳು: “ಬಾಯಿ ಸಾಕಂದದ, ಕಣ್ಣು ಅಂದಿಲ್ಲ ನೋಡೋ!” ನಾನು ಬಾಯನ್ನೂ ಕಣ್ಣನ್ನೂ ಒಟ್ಟಿಗೆ ನೋಡಲು ಹೋಗಿ ಮೂರನೆಯವರ ಮಜ್ಜಿಗೆಗೆ ಬ್ಯಾಳಿ ಹಾಕಿದೆ.

ಅಕ್ಕ ಕುರ್ಚಿಯ ಎರಡೂ ಕೈ ಹಿಡಿದು ಏಳತೊಡಗಿದಳು. ಹಲ್ಲು ಕಚ್ಚಿದ್ದು ಎಲ್ಲರಿಗೂ ಕಾಣುವಂತಿತ್ತು.

“ಅಕ್ಕಾರ, ನೀವು ಏಳಬ್ಯಾಡ್ರಿ,” ಎಂದರು ಪೇಟೆಗೆ ಬಂದಾಗಲೆಲ್ಲ ಇಲ್ಲೇ ಉಣ್ಣುವ ಗಿರಾಕಿಯೊಬ್ಬರು, ಕೊಹಿನೂರು ಎಂಬ ಹಳ್ಳಿಯವರು, ತೊಗರಿ ಮಾರಲು ಬಂದವರು. “ಇವರು ಯಾರ್ರಿ?”

“ನನ್ನ ತಮ್ಮರಿ. ಪುಸ್ತಕ ಬರೀತಾನ.”

“ಹಂಗ ಅನ್ರಿ ಮತ್ತ.” ಅವರು ಎಡಗೈ ಚಾಚಿ ನನ್ನ ಕೈಯಿಂದ ಸೌಟು ತೆಗೆದುಕೊಂಡು, ಪಕ್ಕದವರ ಅಂಗೈಯನ್ನು ಮೊಣಕೈಯಿಂದ ಸರಿಸಿ ಬ್ಯಾಳಿ ಹಾಕಿದರು. “ಸಾಕೋ ಮಾರಾಯಾ!” “ಉಣ್ಣೋ ಸುಮ್ನ, ಮುಂಜಾನಿಂದ ಚೀಲ ಹೊತ್ತೀದಿ.” ಆ ಪಕ್ಕದವರು ಉಂಡು, ಸೇಡು ತೀರಿಸಿಕೊಳ್ಳುವವರ ಹಾಗೆ ಸೌಟು ಕಸಿದು ಕೊಹಿನೂರಿನವರ ತಾಟು ತುಂಬಿಸಿದರು. ಸೌಟು ಹಾಗೆಯೇ ಕೈಯಿಂದ ಕೈಗೆ ದಾಟುತ್ತ ಹೋಯಿತು. ತನಗೆ ಬೇಕು ಎಂದು ಹೇಳಲಾರದ ಇಡೀ ಪಂಕ್ತಿ ಪಕ್ಕದವನಿಗೆ ಬೇಕು ಎಂದು ಹೇಳಲು ಹಿಂಜರಿಯಲಿಲ್ಲ. ಅಕ್ಕ ಮತ್ತೆ ಕೂತಳು.

ಇದೂ ತೀರ ಅಚ್ಚುಕಟ್ಟಾಯಿತು ಎಂದು ನಿಮಗೆ ಅನುಮಾನ ಬಂದರೆ ಬರಲಿ. ದಿನವೂ ಹೀಗೆ ಸಾಗುವುದಿಲ್ಲ. ಕೆಲವೊಮ್ಮೆ ಜಗಳವಾಗುತ್ತದೆ, ಪರಿಚಯವಿಲ್ಲದವರು ಸೌಟನ್ನು ಮುಂದಕ್ಕೆ ದಾಟಿಸಿಬಿಡುತ್ತಾರೆ, ಅಕ್ಕ ಬೈಯುತ್ತಲೇ ಒಂದೆರಡು ಸಲ ಎದ್ದೇ ಏಳುತ್ತಾಳೆ. ಅಳಿಯ ಈ ಪದ್ಧತಿಗೊಂದು ಇಂಗ್ಲಿಷ್ ಹೆಸರು ಹುಡುಕುತ್ತಿದ್ದಾನೆ. ನನಗೆ ನೀರಿನ ಜಗ್ಗು ಕೊಟ್ಟಿದ್ದಾರೆ. ಬರೆಯುವವನಿಗೆ ಹೊಂದುವ ಕೆಲಸ ಅದೇ ಎಂದು ಪಂಕ್ತಿಯ ಅಭಿಪ್ರಾಯ. ನೀರಿಗೆ ಯಾರೂ ಸಂಕೋಚ ಪಡುವುದಿಲ್ಲ. ಬೇಕಾದವನು ಲೋಟ ಮುಂದೆ ಮಾಡುತ್ತಾನೆ, ಬೇಡದವನು ಮಾಡುವುದಿಲ್ಲ. ನನ್ನಂಥವನಿಗೂ ಅರ್ಥವಾಗುತ್ತದೆ.