ಗೋಡೆಯಾಚೆಯ ಬೂಬಮ್ಮ ಮತ್ತು ಮೆಣಸಿನಕಾಯಿ ಘಾಟು

ಮದ್ದೂರಿನ ನಮ್ಮ ಬೀದಿಯನ್ನು ಎರಡು ಮಾಡಿದ ಗೋಡೆ ಒಂದೇ ದಿನಕ್ಕೆ ಎದ್ದಿದ್ದಲ್ಲ. ಮೊದಲು ಯಾರೋ ಬಂದು ಸುಣ್ಣದ ಗೆರೆ ಎಳೆದು ಹೋದರು. ಅದರ ಮೇಲೆ ನಮ್ಮ ಕೋಳಿಗಳು ಓಡಾಡಿದವು. ಆಮೇಲೆ ಕಲ್ಲು ನೆಟ್ಟರು, ಅಮ್ಮ ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದಳು. ಲಾರಿಗಳು ಬಂದ ಮೇಲೆಯೇ ನಮಗೆ ಅರ್ಥವಾಗಿದ್ದು. ಹೊಸ ಹೆದ್ದಾರಿಯನ್ನು ಎತ್ತರದಲ್ಲಿ ಒಯ್ಯಲು ಎರಡೂ ಬದಿಗೆ ಕಾಂಕ್ರೀಟು ಗೋಡೆ ಎಬ್ಬಿಸಿ ನಡುವೆ ಮಣ್ಣು ತುಂಬಿದರು. ಬೆಂಗಳೂರಿಗೂ ಮೈಸೂರಿಗೂ ಹತ್ತಿರವಾಯಿತು ಎಂದು ಎಲ್ಲರೂ ಹೊಗಳಿದರು. ಆಗಲಿ, ಸಂತೋಷ. ನಮ್ಮ ಎದುರುಮನೆ ಮಾತ್ರ ದೂರವಾಯಿತು.

ಎದುರುಮನೆ ಎಂದರೆ ಗ್ಯಾರೇಜಿನವರ ಮನೆ. ಆ ಮನೆಯ ಯಜಮಾನಿಯನ್ನು ಬೀದಿಯೆಲ್ಲ ಬೂಬಮ್ಮ ಎಂದೇ ಕರೆಯುತ್ತಿತ್ತು. ಮಕ್ಕಳಿಗೆ ದೃಷ್ಟಿ ತೆಗೆಯುವುದರಲ್ಲಿ ಆಕೆಯದು ಎತ್ತಿದ ಕೈ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದಳು. ಘಾಟು ಬಂದು ಎಲ್ಲರೂ ಕೆಮ್ಮಿದರೆ ದೃಷ್ಟಿಯಾಗಿಲ್ಲ ಎಂದರ್ಥ. ಘಾಟೇ ಬರದಿದ್ದರೆ ದೃಷ್ಟಿ ಜೋರಾಗಿ ಬಿದ್ದಿದೆ, ಮತ್ತೆ ತೆಗೆಯಬೇಕು. ನಾವು ಅಕ್ಕತಂಗಿಯರು ಆಕೆಯ ಮುಂದೆ ಕೆಮ್ಮಿ ಕೆಮ್ಮಿಯೇ ದೊಡ್ಡವರಾದವರು. ಅದೆಲ್ಲ ಮುಗಿದ ಮೇಲೆ ಅಮ್ಮನೂ ಬೂಬಮ್ಮನೂ ನಮ್ಮ ಜಗಲಿಯಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು, ಊರನ್ನೆಲ್ಲ ಬೈಯುತ್ತಿದ್ದರು. ಅಮ್ಮ ಅಷ್ಟು ನಗುತ್ತಿದ್ದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೋಡೆ ಬಂದ ಮೇಲೆ ಆಚೆಗೆ ಹೋಗಲು ಕೆಳಸೇತುವೆಯವರೆಗೆ ಸುತ್ತಬೇಕಾಯಿತು. ಇಬ್ಬರಿಗೂ ಮಂಡಿನೋವು. ಇವತ್ತು ನಾಳೆ ಎನ್ನುತ್ತಲೇ ಹೋಗುವುದು, ಬರುವುದು ನಿಂತೇಹೋಯಿತು. ಅಮ್ಮ ಸಂಜೆಯಾದರೆ ಗೋಡೆಗೆ ಬೆನ್ನು ಮಾಡಿ ಜಗಲಿಯಲ್ಲಿ ಒಬ್ಬಳೇ ಕೂರುತ್ತಿದ್ದಳು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಬಾಣಂತನಕ್ಕೆಂದು ನಾನು ತವರಿಗೆ ಬಂದಿದ್ದಾಗ ಒಂದು ಸಂಜೆ ಮಗಳು ಒಂದೇ ಸಮನೆ ಅಳತೊಡಗಿದಳು. ಅಮ್ಮ ನನ್ನ ಕೈಯಲ್ಲಿ ಬೂಬಮ್ಮನಿಗೆ ವಿಡಿಯೊ ಫೋನು ಮಾಡಿಸಿದಳು. ಬೂಬಮ್ಮ ಫೋನಿನಲ್ಲೇ ಮಗುವಿನ ಮುಖ ನೋಡಿ, ಅಲ್ಲಿಂದಲೇ ನಿವಾಳಿಸಿ ಕೆಂಡಕ್ಕೆ ಹಾಕಿದಳು.

"ಘಾಟು ಬತ್ತಾ ಅದಾ ಅಕ್ಕಾ?"

"ಫೋನಲ್ಲಿ ಘಾಟು ಎಲ್ಲಿಂದ ಬತ್ತದೆ ಬೂಬಮ್ಮ! ತಲೆಗಿಲೆ ಕೆಟ್ಟದಾ ನಿಂಗೆ?"

ಹಾಗೆಂದವಳೇ ಅಮ್ಮ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಮಂಡಿ ಏನಾಗಬೇಕು ಎಂದು ಕೇಳಿದರೆ, "ಬುಡು, ಅದು ಇದ್ದುದ್ದೇ" ಎಂದಳು. ನಾನು ಹಿಂದೆ ಓಡಿದೆ.

ಕೆಳಸೇತುವೆಯ ಆ ತುದಿಯಿಂದ ಬೂಬಮ್ಮ ಕುಂಟುತ್ತ ಬರುತ್ತಿದ್ದಳು. ಕೈಯಲ್ಲಿ ಸಾಂಬ್ರಾಣಿ ಹಾಕುವ ಬಟ್ಟಲು, ಕೆಂಡದ ಸಮೇತ.

"ಫೋನ್ ಮಡಗಿದ್ ಮೇಲೆ ನೀನು ಸುಮ್ಕಿರಕಿಲ್ಲ ಅಂತ ಗೊತ್ತಿತ್ತು ಕಣಕ್ಕ" ಎಂದಳು.

ತಲೆಯ ಮೇಲೆ ಹೆದ್ದಾರಿ ಗುಡುಗುಡು ಎನ್ನುತ್ತಿತ್ತು. ಬೂಬಮ್ಮ ಮಗುವಿಗೆ ನಿವಾಳಿಸಿ, ಮಗುವನ್ನು ನನ್ನ ಕೈಗೆ ಕೊಡಿಸಿ ದೂರ ಕಳಿಸಿ, ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ಅಬ್ಬಾ, ಆ ಘಾಟು! ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಕೆಮ್ಮಿಕೊಂಡೇ ಬೈದು ಹೋದ. ದೂರ ನಿಂತಿದ್ದ ನನಗೂ ಗಂಟಲು ಕೆರೆಯಿತು. ಮಗಳು ನನ್ನ ಹೆಗಲ ಮೇಲೆ ಆಗಲೇ ನಿದ್ದೆ ಹೋಗಿದ್ದಳು.

ಬೂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಮ್ಮನ ಮುಖ ನೋಡಿದಳು.

"ಘಾಟು ಬಂತಾ ಅಕ್ಕಾ?"

ಅಮ್ಮನ ಕಣ್ಣಲ್ಲೂ ಮೂಗಲ್ಲೂ ನೀರು ಸುರಿಯುತ್ತಿತ್ತು. ಕೆಮ್ಮು ತಡೆದುಕೊಂಡು ಹೇಳಿದಳು: "ಚೂರೂ ಬರ್ನಿಲ್ಲ ಕಣೆ ಬೂಬಮ್ಮ. ನಾಳೀಕೂ ತೆಗೀಬೇಕು."

"ಊಂ ಕಣಕ್ಕ, ಜೋರಾಗೇ ಬಿದ್ದದೆ" ಎಂದಳು ಬೂಬಮ್ಮ. "ನಾಳೆ ಬರೋವಾಗ ಎಲೆಅಡಿಕೆ ತಗಂಡ್ ಬಾ."